ಅರ್ಧ ತಟ್ಟೆಯ ಜೋಕು

ಮಿದುಳಿನ ಬಗ್ಗೆ ಒಂದೇ ಒಂದು ಪುಸ್ತಕ ಓದಿರೋ ಗೆಳೆಯರನ್ನ ಯಾವ ಪುಸ್ತಕ ಅಂತ ಕೇಳಿ ನೋಡಿ. ಹತ್ತರಲ್ಲಿ ಏಳು ಜನ ಆಲಿವರ್ ಸ್ಯಾಕ್ಸ್ ಹೆಸರು ಹೇಳ್ತಾರೆ. ‘ದಿ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್’ ಬಂದಿದ್ದು 1985ರಲ್ಲಿ. ಹೆಂಡತಿಯ ತಲೆಯನ್ನ ಟೋಪಿ ಅಂದ್ಕೊಂಡ ಸಂಗೀತಗಾರ ಎಲ್ಲರಿಗೂ ನೆನಪಿರ್ತಾನೆ. ನಾನು ಮಾತಾಡಬೇಕು ಅಂದ್ಕೊಂಡಿರೋದು ಅದೇ ಪುಸ್ತಕದ ಎಂಟನೇ ಅಧ್ಯಾಯದ ಬಗ್ಗೆ. ಹೆಸರು ‘ಐಸ್ ರೈಟ್!’. ಕೆಲವೇ ಪುಟ, ಕಾಫಿ ಆರೋದ್ರೊಳಗೆ ಓದಿ ಮುಗಿಸಬಹುದು. ತೊಂದರೆ ಇರೋದೂ ಅಲ್ಲೇ.

ಅಧ್ಯಾಯದ ನಾಯಕಿ ಮಿಸೆಸ್ ಎಸ್. ಅರವತ್ತು ದಾಟಿದ ಜಾಣ ಹೆಂಗಸು. ಮಿದುಳಿನ ಬಲಭಾಗಕ್ಕೆ ದೊಡ್ಡ ಸ್ಟ್ರೋಕ್ ಆಗಿದೆ. ಬುದ್ಧಿಗೆ, ಹಾಸ್ಯಪ್ರಜ್ಞೆಗೆ ಏನೂ ಆಗಿಲ್ಲ. ಆದರೆ ‘ಎಡ’ ಅನ್ನೋದೇ ಅವಳ ಪಾಲಿಗೆ ಇಲ್ಲ. ತಟ್ಟೆಯ ಬಲ ಅರ್ಧದಲ್ಲಿ ಇರೋದನ್ನ ತಿಂದು, ಕಾಫಿ ಎಲ್ಲಿ, ಸಿಹಿ ಎಲ್ಲಿ ಅಂತ ನರ್ಸ್‌ಗಳ ಮೇಲೆ ರೇಗ್ತಾಳೆ. ಅವೆಲ್ಲ ಎಡಕ್ಕೇ ಇರ್ತವೆ. ಲಿಪ್‌ಸ್ಟಿಕ್ ಹಚ್ಚೋದು ಅರ್ಧ ತುಟಿಗೆ. ನಮ್ಮ ಬಾಳೆಲೆ ಮುಂದೆ ಕೂರಿಸಿದ್ದರೆ ಎಡತುದಿಯ ಉಪ್ಪು, ಉಪ್ಪಿನಕಾಯಿ ಬಡಿಸಿದ್ದೇ ಅವಳ ಲೆಕ್ಕಕ್ಕೆ ಬರ್ತಿರಲಿಲ್ಲ.

ಅವಳು ಕಂಡುಕೊಂಡ ಉಪಾಯ ಮಾತ್ರ ಅದ್ಭುತ. ಊಟ ಕಡಿಮೆ ಅನಿಸಿದ್ರೆ ಗಾಲಿಕುರ್ಚಿಯನ್ನ ಬಲಕ್ಕೆ, ಬಲಕ್ಕೇ ತಿರುಗಿಸ್ತಾ ಹೋಗ್ತಾಳೆ. ಒಂದು ಸುತ್ತು ಬಂದಾಗ ಕಳೆದುಹೋದ ಅರ್ಧ ಬಲಗಡೆ ಪ್ರತ್ಯಕ್ಷ! ಅದರಲ್ಲೂ ಬಲ ಅರ್ಧವನ್ನಷ್ಟೇ ತಿಂತಾಳೆ. ಹಸಿವು ಉಳಿದಿದ್ರೆ ಇನ್ನೊಂದು ಸುತ್ತು. ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ.

ಇದನ್ನ ಓದಿ ನಗದೇ ಇರೋರು ಕಡಿಮೆ. ಅವಳೂ ನಗ್ತಾಳೆ ಅನ್ನಿ. ಸ್ಯಾಕ್ಸ್ ಕ್ರೂರಿ ಅಲ್ಲ, ರೋಗಿಯ ಜಾಣತನಕ್ಕೆ ಪೂರ್ತಿ ಅಂಕ ಕೊಡ್ತಾರೆ. ನನ್ನ ತಕರಾರು ಬೇರೆ. ಈ ಬರಹದಲ್ಲಿ ಓದುಗ ಯಾವಾಗಲೂ ಪೂರ್ತಿ ತಟ್ಟೆ ಕಾಣೋ ಜಾಗದಲ್ಲೇ ನಿಂತಿರ್ತಾನೆ. ಒಂದು ಕ್ಷಣಕ್ಕೂ ಗಾಲಿಕುರ್ಚಿಯಲ್ಲಿ ಕೂರೋದಿಲ್ಲ.

ಕೂರೋಕೆ ಒಂದು ಅವಕಾಶ ಇತ್ತು. ಸ್ಯಾಕ್ಸ್ ತಂಡ ಕ್ಯಾಮೆರಾ, ಟಿವಿ ತಂದು, ಅವಳ ಮುಖದ ಎಡ ಅರ್ಧ ಅವಳ ಬಲಗಡೆ ಕಾಣೋ ಹಾಗೆ ಮಾಡ್ತಾರೆ. ಪೂರ್ತಿ ಮೇಕಪ್ ಮಾಡಿಕೊಳ್ಳಲಿ ಅನ್ನೋ ಸದುದ್ದೇಶ. ಅವಳು ತತ್ತರಿಸಿ, ಅದನ್ನ ತೆಗೀರಿ ಅಂತ ಕೂಗಿಕೊಳ್ತಾಳೆ. ಅಲ್ಲಿಯವರೆಗೆ ನಗ್ತಿದ್ದ ಹೆಂಗಸು ಮೊದಲ ಸಲ ಹೆದರಿದ್ದಾಳೆ. ಬರಹ ಅಲ್ಲಿಂದ ಶುರು ಆಗಬೇಕಿತ್ತು. ಸ್ಯಾಕ್ಸ್ ಆ ಪ್ರಯೋಗ ಮುಂದುವರಿಯದೇ ಹೋಯಿತಲ್ಲ ಅಂತ ಪೇಚಾಡಿ ಮುಗಿಸಿಬಿಡ್ತಾರೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಈ ಅಧ್ಯಾಯ ಓದಿದೋರು ಬಹಳಷ್ಟು ಸಲ ಇದನ್ನ ಕಣ್ಣಿನ ಸಮಸ್ಯೆ ಅಂದ್ಕೊಂಡು ಪುಸ್ತಕ ಮುಚ್ತಾರೆ. ಎಡಭಾಗದ ದೃಷ್ಟಿ ಮಾತ್ರ ಹೋದವರೂ ಇರ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಏನೋ ಕಾಣ್ತಿಲ್ಲ ಅನ್ನೋ ಅರಿವಿರುತ್ತೆ, ತಲೆ ತಿರುಗಿಸಿ ನೋಡೋದನ್ನ ಕಲೀತಾರೆ. ಮಿಸೆಸ್ ಎಸ್‌ಗೆ ತಲೆಯನ್ನ ಎಡಕ್ಕೆ ತಿರುಗಿಸಬೇಕು ಅನ್ನೋದೇ ಹೊಳೆಯಲ್ಲ. ಇಲ್ಲದ ಕಡೆಗೆ ಯಾರು ತಿರುಗ್ತಾರೆ ಹೇಳಿ?

ಇದು ಕಣ್ಣಿನದಲ್ಲ ಅನ್ನೋಕೆ ಚೆಂದದ ಸಾಕ್ಷಿ 1978ರಲ್ಲೇ ಸಿಕ್ಕಿತ್ತು. ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ತಮ್ಮ ಇಬ್ಬರು ರೋಗಿಗಳಿಗೆ ಮಿಲಾನ್ ನಗರದ ಕ್ಯಾಥೆಡ್ರಲ್ ಚೌಕವನ್ನ ಸುಮ್ಮನೆ ನೆನಪಿಸ್ಕೊಳ್ಳಿ ಅಂದ್ರು. ಕ್ಯಾಥೆಡ್ರಲ್‌ಗೆ ಮುಖ ಮಾಡಿ ನಿಂತ ಹಾಗೆ ಕಲ್ಪಿಸ್ಕೊಂಡಾಗ ಬಲಗಡೆ ಕಟ್ಟಡಗಳ ಹೆಸರೇ ಹೆಚ್ಚಾಗಿ ಬಂದವು. ಈಗ ಕ್ಯಾಥೆಡ್ರಲ್‌ಗೆ ಬೆನ್ನು ಹಾಕಿ ನಿಂತಿದ್ದೀರಿ ಅಂದಾಗ ಅಲ್ಲಿಯವರೆಗೆ ಬಿಟ್ಟಿದ್ದ ಕಟ್ಟಡಗಳು ಬಂದವು, ಮೊದಲು ಹೇಳಿದ್ದವು ಮಾಯ. ನೆನಪು ಅಳಿಸಿಲ್ಲ, ಎಲ್ಲ ಅಲ್ಲೇ ಇದೆ. ಮನಸ್ಸಿನೊಳಗಿನ ಚಿತ್ರದಲ್ಲೂ ಎಡಕ್ಕೆ ಗಮನ ಹೋಗ್ತಿಲ್ಲ, ಅಷ್ಟೆ. ತಮಾಷೆ ಅಂದ್ರೆ, ಸ್ಯಾಕ್ಸ್ ಇದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಆ ಸಂಗೀತಗಾರನ ಮೇಲೆ ಹೆಚ್ಚುಕಡಿಮೆ ಇಂಥದ್ದೇ ಪರೀಕ್ಷೆ ಮಾಡ್ತಾರೆ. ಆ ಪ್ರಶ್ನೆಯನ್ನ ಮಿಸೆಸ್ ಎಸ್ ಅಧ್ಯಾಯಕ್ಕೆ ತರೋದಿಲ್ಲ.

ಹಾಗಾದ್ರೆ ಎಡಗಡೆಯಿಂದ ಬಂದ ಬೆಳಕು, ಆಕಾರ ಎಲ್ಲ ಏನಾಗುತ್ತೆ? 1988ರಲ್ಲಿ ಮಾರ್ಷಲ್ ಮತ್ತು ಹ್ಯಾಲಿಗನ್ ಒಬ್ಬ ರೋಗಿಗೆ ಎರಡು ಮನೆಗಳ ಚಿತ್ರ ತೋರಿಸಿದ್ರು. ಒಂದರ ಎಡಭಾಗದಲ್ಲಿ ಬೆಂಕಿ ಹತ್ತಿದೆ. ಎರಡೂ ಒಂದೇ ಥರ ಇವೆ ಅಂದಳು. ಯಾವುದ್ರಲ್ಲಿ ವಾಸ ಮಾಡ್ತೀರಿ ಅಂತ ಕೇಳಿದ್ರೆ, ಇದೆಂಥ ಪ್ರಶ್ನೆ ಅಂತ ಗೊಣಗಿಕೊಂಡೇ, ಹೆಚ್ಚಿನ ಸಲ ಬೆಂಕಿ ಇಲ್ಲದ ಮನೆಯನ್ನೇ ಆರಿಸಿದಳು.

ಈ ಕಥೆ ಎಷ್ಟು ಜನಪ್ರಿಯ ಅಂದ್ರೆ, ‘ನಿಮ್ಮ ಒಳಮನಸ್ಸಿಗೆ ಎಲ್ಲ ಗೊತ್ತು’ ಅಂತ ಭಾಷಣ ಬಿಗಿಯೋರಿಗೆಲ್ಲ ಬಂಡವಾಳ ಆಗಿದೆ. ಅವರು ಹೇಳದೇ ಬಿಡೋ ಭಾಗ ಕೇಳಿ. 1990ರಲ್ಲಿ ಬಿಸಿಯಾಕ್ ಮತ್ತು ರುಸ್ಕೋನಿ ನಾಲ್ಕು ರೋಗಿಗಳ ಮೇಲೆ ಇದನ್ನ ಮತ್ತೆ ಮಾಡಿ ನೋಡಿದ್ರು. ಅದರಲ್ಲಿ ಇಬ್ಬರು ಮತ್ತೆ ಮತ್ತೆ ಆರಿಸಿದ್ದು ಉರಿಯೋ ಮನೆಯನ್ನ! ಅಂದ್ರೆ ಎಡಗಡೆಯ ವ್ಯತ್ಯಾಸ ಏನೋ ಒಂದು ರೀತಿ ಒಳಗೆ ತಲುಪಿದೆ. ಆದರೆ ‘ಬೆಂಕಿ, ಅಪಾಯ’ ಅನ್ನೋ ಅರ್ಥವಾಗಿ ತಲುಪಿದೆ ಅಂತ ಹೇಳೋ ಹಾಗಿಲ್ಲ. ಒಳಮನಸ್ಸು ಅಂತ ಒಬ್ಬ ಜ್ಞಾನಿ ಕೂತಿಲ್ಲ ಸ್ವಾಮಿ, ಅರೆಬರೆ ಕೆಲಸ ನಡೀತಿದೆ.

ಆ ಕೆಲಸ ಎಲ್ಲಿಯವರೆಗೆ ನಡೆಯುತ್ತೆ ಅನ್ನೋದನ್ನ ಸ್ಕ್ಯಾನರ್ ಸ್ವಲ್ಪ ಮಟ್ಟಿಗೆ ತೋರಿಸಿದೆ. ಎಡ, ಬಲ ಎರಡೂ ಕಡೆ ಒಟ್ಟಿಗೆ ಏನಾದ್ರೂ ತೋರಿಸಿದ್ರೆ ಎಡಗಡೆಯದು ಮಾತ್ರ ಅರಿವಿಗೆ ಬಾರದ ರೋಗಿಗಳಿದ್ದಾರೆ. ಅಂಥ ಒಬ್ಬರನ್ನ 2000ದಲ್ಲಿ ಜೆರೈಂಟ್ ರೀಸ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ‘ಕಾಣಲಿಲ್ಲ’ ಅಂದ ಚಿತ್ರಕ್ಕೂ ಬಲ ಮಿದುಳಿನ ದೃಷ್ಟಿ ಪ್ರದೇಶಗಳು ಸ್ಪಂದಿಸಿದ್ದವು. ಚಿತ್ರ ಬಂದು ಬಾಗಿಲು ತಟ್ಟಿದೆ, ಬಾಗಿಲು ತೆರೆಯಬೇಕಾದ ಗಮನ ಬಂದಿಲ್ಲ. ಇದು ಬಲ ಮಿದುಳಿಗೆ ಪೆಟ್ಟಾದಾಗಲೇ ಯಾಕೆ ಹೆಚ್ಚು ಅನ್ನೋದಕ್ಕೆ ಬಹುಕಾಲದಿಂದ ಇರೋ ವಿವರಣೆ ಸರಳ: ಎಡ ಮಿದುಳು ಮುಖ್ಯವಾಗಿ ಬಲಗಡೆಯನ್ನ ಗಮನಿಸುತ್ತೆ, ಬಲ ಮಿದುಳು ಎರಡೂ ಕಡೆಯನ್ನ. ಎಡ ಮಿದುಳು ಕೆಟ್ಟರೆ ಬಲ ಮಿದುಳು ಸಂಭಾಳಿಸುತ್ತೆ. ಬಲ ಮಿದುಳು ಕೆಟ್ಟರೆ ಎಡಗಡೆಗೆ ದಿಕ್ಕಿಲ್ಲ.

ಇಂಗ್ಲಿಷ್‌ನಲ್ಲಿ ಇದನ್ನ ‘ನೆಗ್ಲೆಕ್ಟ್’ ಅಂತಾರೆ. ಕನ್ನಡದಲ್ಲಿ ‘ನಿರ್ಲಕ್ಷ್ಯ’ ಅಂದ ತಕ್ಷಣ ಅದು ಆರೋಪ ಆಗಿಬಿಡುತ್ತೆ. ಪಾಲಿಕೆಯ ನಿರ್ಲಕ್ಷ್ಯ, ಅಧಿಕಾರಿಗಳ ನಿರ್ಲಕ್ಷ್ಯ ಅಂತ ದಿನಾ ಓದೋ ಪದ ತಾನೇ. ಪದವನ್ನ ಬಿಡಿಸಿ ನೋಡಿದ್ರೆ ಒಳಗೆ ‘ಲಕ್ಷ್ಯ’ ಇದೆ, ಅಂದ್ರೆ ಗಮನ. ರೋಗದ ವಿವರಣೆ ಪದದೊಳಗೇ ಇದೆ, ನಮ್ಮ ಬಳಕೆ ಅದರ ಮೇಲೆ ತಪ್ಪು ಹೊರಿಸಿದೆ. ಮನೆಗಳಲ್ಲೂ ನಡೆಯೋದು ಇದೇ. ‘ಎಡಗಡೆ ಕೂತು ಮಾತಾಡಿಸಿದ್ರೆ ತಿರುಗಿಯೂ ನೋಡಲ್ಲ’, ‘ಹೇಳಿ ಹೇಳಿ ಸಾಕಾಯ್ತು, ಹಟ’, ‘ಅರ್ಧ ಊಟ ಬಿಡ್ತಾರೆ, ಸೊಕ್ಕು’. ಹಟ ಅಲ್ಲ, ಸೊಕ್ಕೂ ಅಲ್ಲ. ಆ ಕಡೆ ನೀವಿದ್ದೀರಿ ಅನ್ನೋ ಸುದ್ದಿಯೇ ಅವರಿಗೆ ಮುಟ್ಟಿಲ್ಲ. ಬಾಗಿಲಿಗೆ ಢಿಕ್ಕಿ ಹೊಡೆಯೋದು, ಬೀಳೋದು ಎಲ್ಲ ಇದರಿಂದಲೇ. ಹಾಗಾಗಿ ಜೋಕು ಅಂತ ಓದಿ ಮುಂದೆ ಹೋದ್ರೆ ನಷ್ಟ ಆಗೋದು ಓದುಗನಿಗಲ್ಲ.

ಮಾಡೋಕೆ ಏನಿದೆ ಅನ್ನೋದೂ ಸ್ಯಾಕ್ಸ್ ಬರಹದಲ್ಲಿ ತೆಳು. ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಅದು ಕಾಣೋವರೆಗೂ ಕಣ್ಣು ಸರಿಸಿ ಆಮೇಲೆ ಸಾಲು ಓದೋ ಅಭ್ಯಾಸ ಮಾಡಿಸ್ತಾರೆ. ದೃಶ್ಯವನ್ನ ಬಲಕ್ಕೆ ಸರಿಸೋ ಪ್ರಿಸಂ ಕನ್ನಡಕ ಹಾಕಿಸಿ ಕೈ ಚಾಚೋ ಅಭ್ಯಾಸ ಮಾಡಿಸಿ, ಕನ್ನಡಕ ತೆಗೆದ ಮೇಲೂ ಗಮನ ಸ್ವಲ್ಪ ಹೊತ್ತು ಎಡಕ್ಕೆ ವಾಲುತ್ತೆ ಅಂತ 1998ರಲ್ಲಿ ರೊಸೆಟ್ಟಿ ತಂಡ ತೋರಿಸಿತು. ಆಮೇಲಿನ ಫಲಿತಾಂಶಗಳು ಮಿಶ್ರ. ಪವಾಡ ಏನಿಲ್ಲ, ಆದರೆ ದಾರಿಗಳಿವೆ. 1998ರದ್ದನ್ನ 1985ರ ಪುಸ್ತಕ ಹೇಳಬೇಕಿತ್ತು ಅಂತ ಯಾರೂ ಕೇಳಲ್ಲ. ಆ ಅಧ್ಯಾಯವನ್ನ ಇವತ್ತೂ ಕಾಪಿ ಹೊಡೆದು ಬರೆಯೋರನ್ನ ಮಾತ್ರ ಕೇಳಬಹುದು.

ಅಷ್ಟಾದ್ರೂ ‘ಐಸ್ ರೈಟ್!’ ಓದಿ ಅಂತಲೇ ಹೇಳ್ತೀನಿ. ಸುತ್ತೋ ಗಾಲಿಕುರ್ಚಿಯ ಆ ಚಿತ್ರವನ್ನ ಇಷ್ಟು ಕಡಿಮೆ ಪದಗಳಲ್ಲಿ ಕಟ್ಟೋರು ಅಪರೂಪ. ಓದುವಾಗ ಒಂದು ಕೆಲಸ ಮಾಡಿ: ತಟ್ಟೆಯನ್ನ ಬಿಟ್ಟು ಹಸಿವಿನ ಕಡೆಯಿಂದ ಓದಿ. ಅವಳಿಗೆ ಗೊತ್ತಿರೋದು ಒಂದೇ, ಹೊಟ್ಟೆ ತುಂಬಿಲ್ಲ. ಅಷ್ಟರಿಂದಲೇ, ತನಗೆ ಕಾಣದ, ನೆನಪಿಗೂ ಬಾರದ ಒಂದು ಅರ್ಧ ಇರಲೇಬೇಕು ಅಂತ ಲೆಕ್ಕ ಹಾಕಿ ಪ್ರತಿ ಊಟಕ್ಕೂ ಕುರ್ಚಿ ತಿರುಗಿಸ್ತಾಳೆ. ಹೀಗೆ ಓದಿದ್ರೆ ನಗು ಬರಲ್ಲ, ಗೌರವ ಬರುತ್ತೆ.