ಆಟ ಅರ್ಧ, ಜಾಹೀರಾತು ಪೂರ್ತಿ

ಮಸ್ಕಿಯ ಬಂಡೆಶಾಸನವನ್ನು 1915ರಲ್ಲಿ ಕಂಡದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಅದರಿಂದ ಖಚಿತವಾಯಿತು. ಆ ಬಂಡೆ, ಲಿಂಗಸುಗೂರು ಕಡೆಯ ಹಟ್ಟಿ ಗಣಿ, ಜಲದುರ್ಗದ ಕೋಟೆ: ಪಜಲ್ ಗೇಮ್‌ಗೆ ಇನ್ನೇನು ಸರಕು ಬೇಕು? ಸಿಂಧನೂರಿನ ಹುಡುಗನೊಬ್ಬ ನಿದ್ದೆಗೆಟ್ಟು ಇಂಥದ್ದೇ ಕಟ್ಟುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಮೊದಲ ಹಂತವಷ್ಟೇ ಮುಗಿದಿದೆ. ಕೈಯಲ್ಲಿರುವ ಹತ್ತು ಸಾವಿರ ರೊಕ್ಕವನ್ನು ಇನ್‌ಸ್ಟಾಗ್ರಾಂ ಜಾಹೀರಾತಿಗೆ ಸುರಿಯಬೇಕೆ?

ಬೇಡ. ಲೆಕ್ಕ ಹಾಕೋಣ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಬ್ಬರು ಈ ಆಟವನ್ನು ವಿಶ್‌ಲಿಸ್ಟಿಗೆ, ಅಂದರೆ ಮುಂದೆ ಕೊಳ್ಳುವ ಪಟ್ಟಿಗೆ, ಸೇರಿಸಿಕೊಳ್ಳಲು 40 ರೂಪಾಯಿ ಬಿತ್ತು ಅಂದುಕೊಂಡರೆ 250 ಜನ. ಅವರಲ್ಲಿ ಹತ್ತಕ್ಕೊಬ್ಬ 500 ರೂಪಾಯಿ ಕೊಟ್ಟು ಕೊಂಡರೆ 12,500. ಸ್ಟೀಮ್ ಶೇ 30 ಮುರಿದುಕೊಂಡ ಮೇಲೆ 8,750. ತೆರಿಗೆಯ ಮಾತು ಬಿಡಿ, ಅಸಲೇ ಬರಲಿಲ್ಲ! ಅದೂ ಆಟ ಮುಗಿದು ಮಾರಾಟಕ್ಕೆ ಬಂದ ಮೇಲೆ. ಇನ್ನೊಂದು ತೊಡಕು: ರೀಲ್ ನೋಡುತ್ತಾ ಜಾಹೀರಾತು ಒತ್ತಿದವನ ಮೊಬೈಲ್‌ನಲ್ಲಿ ಸ್ಟೀಮ್ ಪುಟ ತೆರೆಯುತ್ತದೆ, ಲಾಗಿನ್ ಕೇಳುತ್ತದೆ, ಪಾಸ್‌ವರ್ಡ್ ನೆನಪಾಗುವುದಿಲ್ಲ. ಮುಂದಿನ ರೀಲ್.

ಜಾತ್ರೆಗೆ ಬಂದ ನಾಟಕ ಕಂಪನಿಯವರು ಆಟೊಗೆ ಮೈಕ್ ಕಟ್ಟಿ ಊರೆಲ್ಲ ಕೂಗಿಸುತ್ತಾರೆ. ಅದು ಫಲಿಸುವುದು ಅಂದು ರಾತ್ರಿಯೇ ಟಿಕೆಟ್ ಸಿಗುವುದರಿಂದ. ನಮ್ಮ ಹುಡುಗನ ಆಟಕ್ಕೆ ಇನ್ನೂ ಟಿಕೆಟ್ಟೇ ಇಲ್ಲ.

ಪ್ರಚಾರ ಆಟಕ್ಕಿಂತ ಮುಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ 'ಫೌ-ಜಿ' ಇದೆ. ಅದು ಒಂಟಿ ಹುಡುಗನ ಆಟವಲ್ಲ, ಕಾಸು ಕೊಟ್ಟ ಜಾಹೀರಾತಿನ ಕಥೆಯೂ ಅಲ್ಲ, ಒಪ್ಪಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾದ ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ಅದನ್ನು ಘೋಷಿಸಿದರು. ಪ್ಲೇ ಸ್ಟೋರ್‌ನಲ್ಲಿ ಲಕ್ಷಗಟ್ಟಲೆ ಜನ ಮೊದಲೇ ಹೆಸರು ಬರೆಸಿದರು. 2021ರ ಜನವರಿ 26ಕ್ಕೆ ಬಂದಾಗ ಇದ್ದದ್ದು ಗಲ್ವಾನ್ ಕಣಿವೆಯ ಒಬ್ಬರೇ ಆಡುವ ಕಥಾ ಆಟ, ಹೆಚ್ಚಾಗಿ ಕೈಕೈ ಮಿಲಾಯಿಸುವುದು. ಗೆಳೆಯರೊಂದಿಗೆ ಆಡುವ ಭಾಗ ತಿಂಗಳುಗಳ ನಂತರ ಬಂತು. ಅಷ್ಟರಲ್ಲಿ ರೇಟಿಂಗ್ ಕುಸಿದಿತ್ತು. ನನ್ನನ್ನು ಕೇಳಿದರೆ ಆಟ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕಾದವರು ಕಾದದ್ದು ಪಬ್‌ಜಿಯಂಥ ಬೇರೆ ಆಟಕ್ಕೆ.

ನಮ್ಮ ಹುಡುಗ ಮೊದಲು ಅರ್ಧ ಗಂಟೆಯ ಡೆಮೊ ಗಟ್ಟಿ ಮಾಡಲಿ. ಸ್ಟೀಮ್ ತನ್ನ ಅಂಗಡಿಯಲ್ಲಿ ಜಾಗ ಮಾರುವುದಿಲ್ಲ, ಅಂದರೆ ರೊಕ್ಕಸ್ಥರಿಗೂ ಅಲ್ಲಿ ಅಡ್ಡದಾರಿಯಿಲ್ಲ. 'ನೆಕ್ಸ್ಟ್ ಫೆಸ್ಟ್' ಎಂಬ ಡೆಮೊ ಹಬ್ಬಕ್ಕೆ ಪ್ರವೇಶಧನವಿಲ್ಲ, ಆದರೆ ಒಂದು ಆಟಕ್ಕೆ ಒಂದೇ ಅವಕಾಶ. ಅವಸರಪಟ್ಟು ಹಸಿ ಡೆಮೊ ಒಯ್ದರೆ ಅದೂ ಹೋಯಿತು.

ಡೆಮೊ ಆಡಿದವರು ಎರಡನೇ ಹಂತ ಕೇಳತೊಡಗಿದರೆ ಒಂದೆರಡು ಸಾವಿರ ಜಾಹೀರಾತಿಗೆ ಹಾಕಿ ನೋಡಲಿ, ಅದೂ ಕಂಪ್ಯೂಟರ್ ಮುಂದೆ ಕೂತವರಿಗಷ್ಟೇ ಕಾಣುವಂತೆ. ಲಿಂಕ್‌ಗೆ ಗುರುತು ಸೇರಿಸಿಟ್ಟರೆ ಯಾವ ಜಾಹೀರಾತಿನಿಂದ ಎಷ್ಟು ವಿಶ್‌ಲಿಸ್ಟ್ ಬಂತೆಂದು ಸ್ಟೀಮೇ ಲೆಕ್ಕ ಕೊಡುತ್ತದೆ. ಮಿಕ್ಕ ರೊಕ್ಕದಲ್ಲಿ ಒಬ್ಬ ಒಳ್ಳೆಯ ಕಲಾವಿದನಿಂದ ಆಟದ ಮುಖಚಿತ್ರ ಬರೆಸಲಿ. ಸಾವಿರಾರು ಆಟಗಳ ಸಾಲಿನಲ್ಲಿ ಬೆರಳು ನಿಲ್ಲುವುದು ಅಲ್ಲೇ.