ಮನೆಗೆ ಒಂದೇ ಅಂದರೆ, ಟ್ಯಾಬೋ ಲ್ಯಾಪ್‌ಟಾಪೋ?

ಪಿಯುಸಿ ರಿಸಲ್ಟ್ ಬಂದು ಕಾಲೇಜು ಸೇರುವ ತಿಂಗಳು ಬಂತೆಂದರೆ ನಮ್ಮ ಕಡೆಯ ಸಾಫ್ಟ್‌ವೇರ್ ಇಂಜಿನಿಯರುಗಳೆಲ್ಲ ಪುಕ್ಕಟೆ ಸಲಹೆಗಾರರಾಗಿಬಿಡುತ್ತೇವೆ. ಶ್ರೀನಿವಾಸಪುರದಿಂದ ಒಬ್ಬರು, ಮುಳಬಾಗಿಲಿನಿಂದ ಇನ್ನೊಬ್ಬರು, ಮಾಲೂರಿನಿಂದ ದಿನಾ ರೈಲಲ್ಲಿ ಬೆಂಗಳೂರಿಗೆ ಓಡಾಡುವ ಮತ್ತೊಬ್ಬರು. ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಇಪ್ಪತ್ತು ಸಾವಿರ ಇದೆ. ಟ್ಯಾಬ್ ತಗೊಳ್ಳೋದಾ, ಲ್ಯಾಪ್‌ಟಾಪಾ?" ಆ ಇಪ್ಪತ್ತು ಸಾವಿರ ಎಲ್ಲಿಂದ ಬಂದಿರುತ್ತೆ ಅಂತ ನನಗೆ ಗೊತ್ತು. ಮಾವಿನ ಫಸಲಿನದ್ದು, ಟೊಮೆಟೊಗೆ ಒಂದು ವಾರ ರೇಟು ಸಿಕ್ಕಿದ್ದು, ಇಲ್ಲಾ ಹಾಲಿನ ಬಟವಾಡೆ ಕೂಡಿಟ್ಟದ್ದು. ಸರಿಹೋಗದ ಮಿಷನ್ ತಗೊಂಡರೆ ಬದಲಾಯಿಸೋಕೆ ಇನ್ನೊಂದು ಫಸಲು ಬರಬೇಕು.

ಯೂಟ್ಯೂಬಿನ ರಿವ್ಯೂಗಳು ಈ ಪ್ರಶ್ನೆಗೆ ಉತ್ತರ ಕೊಡೋದಿಲ್ಲ. ಅಲ್ಲಿ ಟ್ಯಾಬನ್ನು ಟ್ಯಾಬಿನ ಜೊತೆ, ಲ್ಯಾಪ್‌ಟಾಪನ್ನು ಲ್ಯಾಪ್‌ಟಾಪಿನ ಜೊತೆ ತೂಗುತ್ತಾರೆ. ಸ್ಕ್ರೀನ್ ಎಷ್ಟು ಹರ್ಟ್ಸ್, ಸ್ಪೀಕರ್ ಎಷ್ಟು, ಅಂಚು ಎಷ್ಟು ತೆಳು. ರಿವ್ಯೂ ಮಾಡುವವನ ಮೇಜಿನ ಮೇಲೆ ಇನ್ನೂ ಮೂರು ಮಿಷನ್ ಇರುತ್ತವೆ. ಒಂದರಲ್ಲಿ ಆಗದ ಕೆಲಸ ಇನ್ನೊಂದರಲ್ಲಿ ಆಗುತ್ತೆ. ಮನೆಗೆಲ್ಲ ಒಂದೇ ಅಂದಾಗ ತಕ್ಕಡಿಯೇ ಬೇರೆ.

ಮೊದಲು ಹಾರ್ಡ್‌ವೇರ್ ನೋಡೋಣ. ಇದರಲ್ಲಿ ಟ್ಯಾಬಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲೇಬೇಕು. ಟ್ಯಾಬಿನೊಳಗಿನ ಎಆರ್‌ಎಂ ಪ್ರೊಸೆಸರ್ ಕಡಿಮೆ ಕರೆಂಟಲ್ಲಿ ಓಡುತ್ತೆ, ಕಡಿಮೆ ಬಿಸಿಯಾಗುತ್ತೆ, ಹಾಗಾಗಿ ಫ್ಯಾನ್ ಬೇಕಿಲ್ಲ. ಫ್ಯಾನ್ ಇಲ್ಲ ಅಂದರೆ ಧೂಳು ಒಳಗೆ ಎಳೆಯೋದೂ ಇಲ್ಲ. ಬೇಸಿಗೆಯಲ್ಲಿ ನಮ್ಮೂರ ರಸ್ತೆ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ. ಕರೆಂಟು ಮಧ್ಯಾಹ್ನ ಹೋಗಿ ಸಂಜೆ ಬಂದರೂ ಟ್ಯಾಬ್ ತಡೆದುಕೊಳ್ಳುತ್ತೆ. ಸಿಮ್ ಹಾಕುವ ಟ್ಯಾಬಾದರೆ ಇಂಟರ್ನೆಟ್ಟಿಗೂ ಬೇರೆ ಏರ್ಪಾಡು ಬೇಡ. ಲ್ಯಾಪ್‌ಟಾಪಿಗೆ ಮೊಬೈಲಿಂದ ಹಾಟ್‌ಸ್ಪಾಟ್ ಕೊಟ್ಟರೆ, ಪಾಠ ಶುರುವಾಗುವ ಮೊದಲೇ ವಿಂಡೋಸ್ ಅಪ್‌ಡೇಟ್ ದಿನದ ಒಂದೂವರೆ ಜಿಬಿ ಡೇಟಾ ನುಂಗಿ ಕೂತಿರುತ್ತೆ. ಸೆಟಿಂಗ್ಸಿನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತೆ, ಆದರೆ ಅದನ್ನ ಹೇಳಿಕೊಡುವವರು ಯಾರು?

ಇನ್ನು ಇಪ್ಪತ್ತು ಸಾವಿರದೊಳಗಿನ ಹೊಸ ಲ್ಯಾಪ್‌ಟಾಪುಗಳ ಕಥೆ. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ವಿಂಡೋಸ್ 11 ಹಾಕೋಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಳತೆಯೂ ಇದೇ. ಕನಿಷ್ಠ ಅಂದರೆ ಆನ್ ಆಗೋಕೆ ಕನಿಷ್ಠ, ಕೆಲಸ ಮಾಡೋಕಲ್ಲ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದು ಪಕ್ಕದಲ್ಲಿ ವರ್ಡ್ ಇಟ್ಟರೆ ಎತ್ತಿನಗಾಡಿಗೆ ಲಾರಿ ಲೋಡ್ ಹಾಕಿದ ಹಾಗೆ ನರಳುತ್ತೆ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರೆ ಆಮೇಲೆ ಹೆಚ್ಚಿಸುವ ದಾರಿಯೂ ಇಲ್ಲ. ಈ ಬೆಲೆಯಲ್ಲಿ ಬರೀ ಹಾರ್ಡ್‌ವೇರ್ ನೋಡಿದರೆ ಟ್ಯಾಬೇ ಗೆಲ್ಲುತ್ತೆ.

ಆದರೆ ಹಾರ್ಡ್‌ವೇರ್ ಅರ್ಧ ಕಥೆ ಮಾತ್ರ. ಉಳಿದರ್ಧ ಆಪರೇಟಿಂಗ್ ಸಿಸ್ಟಮ್. ಇದಕ್ಕೆ ಆಪಲ್ ಕಂಪನಿಯೇ ಒಂದು ಒಳ್ಳೆ ಪ್ರಯೋಗ ಮಾಡಿ ತೋರಿಸಿದೆ. 2020ರ ನವೆಂಬರಿನಲ್ಲಿ ಎಂ1 ಅನ್ನುವ ಚಿಪ್ ಹಾಕಿ ಮ್ಯಾಕ್‌ಬುಕ್ ಏರ್ ಬಿಟ್ಟರು. 2021ರಲ್ಲಿ ಅದೇ ಎಂ1 ಚಿಪ್ ಹಾಕಿ ಐಪ್ಯಾಡ್ ಪ್ರೋ ಬಿಟ್ಟರು. ಮೆದುಳು ಒಂದೇ. ಮ್ಯಾಕ್‌ಬುಕ್ಕಿನಲ್ಲಿ ಟರ್ಮಿನಲ್ ತೆರೆಯಬಹುದು, ಕಂಪೈಲರ್ ಹಾಕಬಹುದು, ಡೇಟಾಬೇಸ್ ಓಡಿಸಬಹುದು, ಐಪ್ಯಾಡಿಗೆ ಬೇಕಾದ ಆಪ್ ಕೂಡ ಅದರಲ್ಲೇ ಬರೆಯಬಹುದು. ಐಪ್ಯಾಡಿನಲ್ಲಿ ಟರ್ಮಿನಲ್ಲೂ ಇಲ್ಲ, ಎಕ್ಸ್‌ಕೋಡೂ ಇಲ್ಲ. ಶುರುವಿನವರಿಗೆ ಸ್ವಿಫ್ಟ್ ಪ್ಲೇಗ್ರೌಂಡ್ಸ್ ಇದೆ, ಅಷ್ಟೇ. 2025ರ ಐಪ್ಯಾಡ್‌ಓಎಸ್ 26ರಲ್ಲಿ ಕಿಟಕಿ ಕಿಟಕಿಯಾಗಿ ಆಪ್ ತೆರೆಯುವ ಸೌಕರ್ಯ ಬಂತು, ಮೇಲೆ ಮೆನು ಬಾರ್ ಬಂತು. ನೋಡೋಕೆ ಕಂಪ್ಯೂಟರ್ ಥರಾನೇ ಆಯಿತು. ಬೀಗ ಮಾತ್ರ ಹಾಗೇ ಇದೆ. ಚಿಪ್ಪಿಗೆ ತಾಕತ್ತಿಲ್ಲ ಅಂತಲ್ಲ, ಓಎಸ್ ಬಿಡೋದಿಲ್ಲ.

ಆಂಡ್ರಾಯ್ಡ್ ಟ್ಯಾಬ್ ಇಷ್ಟು ಬಿಗಿ ಅಲ್ಲ. ಟರ್ಮಕ್ಸ್ ಅನ್ನುವ ಆಪ್ ಹಾಕಿ, ಅದರೊಳಗೆ ಕಂಪೈಲರ್ ಹಾಕಿ ಸಿ ಪ್ರೋಗ್ರಾಮ್ ಓಡಿಸಬಹುದು, ನಾನೇ ಓಡಿಸಿದ್ದೀನಿ. ಆದರೆ ಅದು ಬೈಕಲ್ಲಿ ಟೊಮೆಟೊ ಕ್ರೇಟ್ ಸಾಗಿಸಿದ ಹಾಗೆ. ಎರಡು ಕ್ರೇಟ್ ಹೋಗುತ್ತೆ, ಲೋಡ್ ಹೋಗಲ್ಲ. ಬಿಕಾಂ ಓದುವ ಹುಡುಗಿಗೆ ಟ್ಯಾಲಿ ಬೇಕು, ಸರ್ಕಾರಿ ಕಚೇರಿಯಲ್ಲಿ ಟೈಪಿಂಗ್ ಕೆಲಸ ಸಿಗಬೇಕು ಅಂದರೆ ನುಡಿ ತಂತ್ರಾಂಶದಲ್ಲಿ ಕೈ ಓಡಬೇಕು. ಎರಡನ್ನೂ ಕಲಿಯೋದು ವಿಂಡೋಸ್ ಮಿಷನ್ ಮೇಲೆ, ನಿಜವಾದ ಕೀಲಿಮಣೆ ಮೇಲೆ. ಗಾಜಿನ ಮೇಲೆ ಬೆರಳು ಜಾರಿಸಿ ಹತ್ತು ಬೆರಳಿನ ಟೈಪಿಂಗ್ ಯಾರಿಗೂ ಬಂದಿಲ್ಲ.

ಕನ್ನಡದ ಲೆಕ್ಕದಲ್ಲಿ ತೂಗಿದರೂ ಇದೇ ಉತ್ತರ. ವಿಂಡೋಸ್‌ಗೆ ಯೂನಿಕೋಡ್ ಕನ್ನಡ, 'ತುಂಗಾ' ಫಾಂಟಿನ ಸಮೇತ, 2001ರ ಎಕ್ಸ್‌ಪಿ ಕಾಲದಲ್ಲೇ ಬಂದಿತ್ತು. ಆಂಡ್ರಾಯ್ಡಿನಲ್ಲಿ ಕನ್ನಡ ಅಕ್ಷರಗಳಿಗೆ ಬೆಂಬಲ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಐಪ್ಯಾಡ್ 2010ರಲ್ಲಿ ಬಂತು, ಅದಕ್ಕೆ ಆಪಲ್ ತಾನೇ ಕನ್ನಡ ಕೀಬೋರ್ಡ್ ಕೊಟ್ಟದ್ದು 2017ರ ಐಓಎಸ್ 11ರಲ್ಲಿ. ಈ ತೇದಿಗಳನ್ನ ಪಕ್ಕಪಕ್ಕ ಇಟ್ಟರೆ ಆಕಾಶ್ ಟ್ಯಾಬಿನ ಅವಸ್ಥೆ ಅರ್ಥವಾಗುತ್ತೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ಅಗ್ಗದ ಟ್ಯಾಬ್ ಅದು. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಒತ್ತಿದರೆ ಮಾತ್ರ ಕೇಳುವ ರೆಸಿಸ್ಟಿವ್ ಸ್ಕ್ರೀನ್. ಎಲ್ಲರೂ ಬೈದದ್ದು ಇವನ್ನೇ. ಅದರಲ್ಲಿದ್ದ ಆಂಡ್ರಾಯ್ಡ್ 2.2ಕ್ಕೆ ಮೂಲದಲ್ಲಿ ಕನ್ನಡವೇ ಬರುತ್ತಿರಲಿಲ್ಲ ಅನ್ನೋದನ್ನ ಯಾರೂ ದೊಡ್ಡದು ಮಾಡಲಿಲ್ಲ.

ಅದಕ್ಕಿಂತ ಹತ್ತು ವರ್ಷ ಮುಂಚೆಯೇ ನಮ್ಮ ಪಕ್ಕದ ಬೆಂಗಳೂರಿನಲ್ಲಿ ಸಿಂಪ್ಯೂಟರ್ ತಯಾರಾಗಿತ್ತು. ಐಐಎಸ್‌ಸಿ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಇಂಜಿನಿಯರುಗಳೂ ಸೇರಿ ರೂಪಿಸಿದ ಅಂಗೈ ಅಗಲದ ಕಂಪ್ಯೂಟರ್, ಒಳಗೆ ಲಿನಕ್ಸ್. ಹಿಂದಿ, ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ತಂತ್ರಾಂಶ ಹುಟ್ಟಿದ್ದೂ ಆ ಕೆಲಸದ ಜೊತೆಗೇ. 2004ರಲ್ಲಿ ಬಿಇಎಲ್ ಸಂಸ್ಥೆ 'ಅಮಿಡಾ' ಹೆಸರಿನಲ್ಲಿ ತಯಾರಿಸಿತು, ಬೆಲೆ ಹತ್ತು ಸಾವಿರದ ಹತ್ತಿರದಿಂದ ಶುರು. ವ್ಯಾಪಾರದಲ್ಲಿ ಸೋತಿತು. ಆದರೆ ಅದನ್ನು ಮಾಡಿದವರು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು: ಓದಲು ಬಾರದ ರೈತನ ಕೈಗೆ ಇದು ಹೋದರೆ ಏನು ಮಾಡುತ್ತೆ? ಈಗಿನ ಟ್ಯಾಬ್ ಖರೀದಿಗಳಲ್ಲಿ ಆ ಪ್ರಶ್ನೆ ಕಾಣೋದಿಲ್ಲ.

ಇದು ನಮ್ಮ ಜೇಬಿನ ವಿಷಯ ಮಾತ್ರ ಅಲ್ಲ, ಸರ್ಕಾರದ ಜೇಬಿನದ್ದೂ ಹೌದು. ರಾಜ್ಯ ಸರ್ಕಾರ ಕೆಲ ವರ್ಷ ಪದವಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡುತ್ತಿತ್ತು. 2021ರ ಜೂನಿನಲ್ಲಿ, ಕೊರೊನಾ ನಡುವೆ, ಸರ್ಕಾರಿ ಪದವಿ, ಇಂಜಿನಿಯರಿಂಗ್, ಪಾಲಿಟೆಕ್ನಿಕ್ ಮಕ್ಕಳಿಗೆ ಸುಮಾರು 1.55 ಲಕ್ಷ ಟ್ಯಾಬ್ ಹಂಚಲು ಹೊರಟಿತು. ಆನ್‌ಲೈನ್ ಪಾಠ ಕೇಳೋಕೆ ಅದು ಸಾಕಿತ್ತು, ಆ ಹೊತ್ತಿಗೆ ಒಳ್ಳೆಯದೇ. ಆದರೆ ಪಾಠ ಕೇಳೋದು ಬೇರೆ, ಪ್ರಾಜೆಕ್ಟ್ ಮಾಡೋದು ಬೇರೆ. ಮಾಲೂರು ದಾಟಿ ಹೊಸೂರಿಗೆ ಹೋದರೆ ತಮಿಳುನಾಡು, ಅಲ್ಲಿ 2011ರಲ್ಲೇ ಪ್ಲಸ್ ಟೂ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡೋಕೆ ಶುರು ಮಾಡಿದ್ದರು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧರಿಸಿದ ಲಿನಕ್ಸ್ ಹಾಕಿದ ಲ್ಯಾಪ್‌ಟಾಪಲ್ಲೇ ಮಕ್ಕಳು ಕಲೀತಾರೆ. ಇಂಜಿನಿಯರಿಂಗ್ ಹುಡುಗನಿಗೆ ಟ್ಯಾಬ್ ಕೊಡೋದು, ಗದ್ದೆ ಉಳೋಕೆ ಹೊರಟವನಿಗೆ ಕೃಷಿದರ್ಶನ ತೋರಿಸಿದ ಹಾಗೆ.

ಆಯಸ್ಸಿನ ಲೆಕ್ಕವೂ ಇದೆ. ಆಪಲ್ ತನ್ನ ಟ್ಯಾಬುಗಳನ್ನ ಚೆನ್ನಾಗಿ ಸಾಕುತ್ತೆ, ಒಪ್ಪೋಣ. 2014ರ ಐಪ್ಯಾಡ್ ಏರ್ 2ಕ್ಕೆ 2021ರ ಐಪ್ಯಾಡ್‌ಓಎಸ್ 15 ಕೂಡ ಸಿಕ್ಕಿತು. ಅಗ್ಗದ ಆಂಡ್ರಾಯ್ಡ್ ಟ್ಯಾಬಿಗೆ ಆ ಭಾಗ್ಯ ಇಲ್ಲ. ಕಂಪನಿ ಕೈಬಿಟ್ಟ ದಿನ ಅದರ ಓಎಸ್ ಅಲ್ಲಿಗೇ ನಿಲ್ಲುತ್ತೆ, ಬೇರೆ ಓಎಸ್ ಹಾಕೋದು ಸಾಮಾನ್ಯರ ಕೈಲಾಗೋ ಕೆಲಸ ಅಲ್ಲ. ಲ್ಯಾಪ್‌ಟಾಪು ಹಾಗಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳನ್ನು ವಿಂಡೋಸ್ 11, ಒಂದೆರಡು ಬಿಟ್ಟು, ಒಪ್ಪೋದಿಲ್ಲ. ಹಾಗಂತ ಆ ಮಿಷನ್‌ಗಳು ಸತ್ತವೇ? ಒಂದು ಪೆನ್‌ಡ್ರೈವಲ್ಲಿ ಲಿನಕ್ಸ್ ಮಿಂಟ್ ತಂದು ಹಾಕಿ, ಎದ್ದು ಕೂರುತ್ತವೆ. ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಅದರೊಳಗೇ ಇರುತ್ತೆ, ಡೌನ್‌ಲೋಡ್ ಬೇಡ. ನಮ್ಮ ಚಿಕ್ಕಪ್ಪನ ಮಗ ಬಿಸಿಎ ಮುಗಿಸಿದ್ದು ಇಂಥದ್ದೇ ಒಂದು ಹಳೇ ಡಬ್ಬಿಯಲ್ಲಿ.

ಹಾಗಾಗಿ ನನ್ನ ಉತ್ತರ ಹೀಗೆ. ಡಿಗ್ರಿ, ಡಿಪ್ಲೊಮಾ, ಬಿಇ ಸೇರುವವರು ಇಪ್ಪತ್ತು ಸಾವಿರಕ್ಕೆ ಹೊಸ ಟ್ಯಾಬೂ ಬೇಡ, ಹೊಸ ಲ್ಯಾಪ್‌ಟಾಪೂ ಬೇಡ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಕಂಪನಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪ್ ನೋಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲೇಬೇಕು. ಎಂಟನೇ ಪೀಳಿಗೆಯ ಪ್ರೊಸೆಸರ್ ಸಿಕ್ಕಿದರೆ ವಿಂಡೋಸ್ 11ಕ್ಕೂ ಆಗುತ್ತೆ. ಅಂಗಡಿಯಲ್ಲೇ ಅರ್ಧ ಗಂಟೆ ಬ್ಯಾಟರಿ ಮೇಲೆ ಓಡಿಸಿ, ಒಂದೊಂದು ಕೀ ಒತ್ತಿ, ಸ್ಕ್ರೀನಿನ ಕೀಲು ಅಲ್ಲಾಡುತ್ತಾ ನೋಡಿ, ಬಿಲ್ ಕೇಳಿ. ಹೈಸ್ಕೂಲ್ ಮಕ್ಕಳಿಗೆ ಪಾಠ ಕೇಳೋಕೆ, ಅಜ್ಜಿಗೆ ಹರಿಕಥೆ ನೋಡೋಕೆ, ಚಿತ್ರ ಬಿಡಿಸುವವರಿಗೆ, ಈಗಾಗಲೇ ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರಿಗೆ ಟ್ಯಾಬ್ ಒಳ್ಳೆಯದೇ.

ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಶುರು ಮಾಡಿ, 2023ರಲ್ಲಿ ಟಾಟಾ ಕೈಗೆ ಬಂದ ಕಾರ್ಖಾನೆಯಲ್ಲಿ ಐಫೋನ್ ಜೋಡಣೆಯಾಗುತ್ತೆ. ನಮ್ಮ ಹುಡುಗ ಹುಡುಗಿಯರು ಶಿಫ್ಟಿನ ಬಸ್ಸಲ್ಲಿ ಹೋಗಿ ಬರುತ್ತಾರೆ. ಸ್ಕ್ರೂ ಹಾಕುವ ಕೆಲಸ ಕೀಳಲ್ಲ, ಆ ಸಂಬಳದಲ್ಲಿ ಎಷ್ಟೋ ಮನೆ ನಡೆಯುತ್ತಿವೆ. ಆದರೆ ಆ ಫೋನಿನೊಳಗೆ ಓಡುವ ಸಾಫ್ಟ್‌ವೇರನ್ನು ಬರೆಯುವವರೂ ಈ ನಾಲ್ಕು ತಾಲ್ಲೂಕಿಂದ ಬರಬೇಕು ಅಂದರೆ, ಅವರ ಕೈಗೆ ಮೊದಲು ಕೊಡಬೇಕಾದ್ದು ಬೀಗ ಇಲ್ಲದ ಮಿಷನ್ನು. ಅದು ಹಳೇದಾದರೂ ಪರವಾಗಿಲ್ಲ, ಭಾರ ಇದ್ದರೂ ಪರವಾಗಿಲ್ಲ.