ಒಪ್ಪಿಕೊಂಡೇ ಗೆದ್ದ ಬರ್ಗರ್

ಜಾಹೀರಾತಿನ ಬರ್ಗರ್‌ಗೂ ಅಂಗಡಿಯಲ್ಲಿ ಕೈಗೆ ಸಿಗುವ ಬರ್ಗರ್‌ಗೂ ಯಾಕಿಷ್ಟು ಅಂತರ? ಟೊರಾಂಟೊದ ಗ್ರಾಹಕಿಯೊಬ್ಬರ ಈ ಪ್ರಶ್ನೆಗೆ ಮೆಕ್‌ಡೊನಾಲ್ಡ್ಸ್ ಕೆನಡಾ 2012ರಲ್ಲಿ ಕಿರು ವಿಡಿಯೊ ಒಂದರಲ್ಲಿ ಉತ್ತರ ಕೊಟ್ಟಿತು. ಕಂಪನಿಯ ಆಗಿನ ಮಾರ್ಕೆಟಿಂಗ್ ನಿರ್ದೇಶಕಿ ಹೋಪ್ ಬಗೋಜಿ ತಮ್ಮದೇ ಅಂಗಡಿಯಲ್ಲಿ ಬರ್ಗರ್ ಕೊಂಡು, ಅದನ್ನು ಫೋಟೊ ಸ್ಟುಡಿಯೊಗೆ ಒಯ್ಯುತ್ತಾರೆ.

ಅಂಗಡಿಯಲ್ಲಿ ನಿಮಿಷದೊಳಗೆ ಆಗುವ ಕೆಲಸಕ್ಕೆ ಇಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಫುಡ್ ಸ್ಟೈಲಿಸ್ಟ್ ಈರುಳ್ಳಿ, ಉಪ್ಪಿನಲ್ಲಿ ನೆನೆಸಿದ ಸೌತೆ ಬಿಲ್ಲೆಗಳನ್ನು ಕ್ಯಾಮೆರಾ ಕಡೆಯ ಅಂಚಿಗೇ ಜೋಡಿಸುತ್ತಾರೆ. ಕೆಚಪ್ಪನ್ನು ಸಿರಿಂಜಿನಿಂದ ಹನಿಹನಿಯಾಗಿ ಇಡುತ್ತಾರೆ. ಉಳಿದ ಓರೆಕೋರೆಯನ್ನು ಕಂಪ್ಯೂಟರ್ ತಿದ್ದುತ್ತದೆ. ಕೊನೆಗೆ ಎರಡೂ ಬರ್ಗರ್‌ಗಳನ್ನು ಅಕ್ಕಪಕ್ಕ ತೋರಿಸುವುದು ವಿಡಿಯೊದ ನಿಜವಾದ ಧೈರ್ಯ. ತನ್ನ ಗುಟ್ಟನ್ನು ಹೀಗೆ ತಾನೇ ಬಿಚ್ಚಿಡುವ ಕಂಪನಿಗಳು ವಿರಳ.

ಆದರೆ ಉತ್ತರದ ತಿರುಳು ಒಂದೇ ಮಾತು: ಸಾಮಗ್ರಿ ಎರಡರಲ್ಲೂ ಅದೇ. ಮೇಲೆ ಥಳಕು ಒಳಗೆ ಹುಳುಕು ಎನ್ನುವ ಆರೋಪಕ್ಕೆ ಈ ಮಾತು ಸಾಕಾದೀತು. ಗ್ರಾಹಕಿ ಕೇಳಿದ್ದು ಅದನ್ನಲ್ಲ. ಎಲ್ಲವನ್ನೂ ಮುಂದಿನ ಅಂಚಿಗೆ ತಂದು ನಿಲ್ಲಿಸಿದಾಗ, ಹಿಂದೆಯೂ ಅಷ್ಟೇ ತುಂಬಿದೆ ಎಂದು ನೋಡುವವರು ಎಣಿಸುತ್ತಾರೆ. ಒಳಗೆ ಏನೇನಿದೆ ಎಂದು ತಿಳಿಯಲಿ ಅಂತ ಹಾಗೆ ಜೋಡಿಸುತ್ತೇವೆ ಎನ್ನುತ್ತದೆ ಕಂಪನಿ. ಏನಿದೆ ಎನ್ನುವುದೇನೋ ತಿಳಿಯುತ್ತದೆ. ಎಷ್ಟಿದೆ ಎನ್ನುವುದು ತಪ್ಪಾಗಿ ತಿಳಿಯುತ್ತದೆ.

ಈ ಸಮರ್ಥನೆ ಹಳೆಯದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಜಾಹೀರಾತುಗಳಿಗಾಗಿ ಸೂಪಿನ ಬಟ್ಟಲ ತಳಕ್ಕೆ ಗಾಜಿನ ಗೋಲಿ ಹಾಕಿ, ತರಕಾರಿ ಮೇಲೆ ತೇಲುವಂತೆ ಮಾಡಿದ್ದರು. ಅಲ್ಲಿಯೂ ತರಕಾರಿ ಅಸಲಿಯೇ. ಹೋಳುಗಳು ಮುಳುಗಿಬಿಡುತ್ತವೆ, ಕಾಣಬೇಡವೇ ಎಂಬುದೇ ಅಲ್ಲಿನ ವಾದ. ಜಾಹೀರಾತುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಪ್ಪಲಿಲ್ಲ. 1970ರಲ್ಲಿ ಪ್ರಕರಣ ಇತ್ಯರ್ಥವಾದಾಗ ಕಂಪನಿ ಗೋಲಿ ಕೈಬಿಡಬೇಕಾಯಿತು.

ಹಾಗೆಂದು ಸ್ಟುಡಿಯೊದ ಪ್ರತಿ ಉಪಾಯವೂ ಮೋಸವಲ್ಲ. 1965ರಲ್ಲಿ ಕೋಲ್ಗೇಟ್ ಕಂಪನಿಯ ಜಾಹೀರಾತಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಳ್ಳೆಯ ಗೆರೆ ಎಳೆದಿದೆ. ದೀಪದ ಬಿಸಿಗೆ ಐಸ್‌ಕ್ರೀಮ್ ಕರಗುತ್ತದೆಂದು ಬೇಯಿಸಿ ಹಿಸುಕಿದ ಆಲೂಗಡ್ಡೆ ಇಟ್ಟರೆ ಅಡ್ಡಿಯಿಲ್ಲ. ಅದನ್ನೇ ತೋರಿಸಿ ಐಸ್‌ಕ್ರೀಮಿನ ಗುಣಕ್ಕೆ ಸಾಕ್ಷಿ ಎನ್ನಬಾರದು. ಈ ಅಳತೆಯಲ್ಲಿ ನೋಡಿದರೆ ಸಿರಿಂಜಿನ ಕೆಚಪ್ ಬರೀ ಅಲಂಕಾರ. ಬರ್ಗರಿನ ಎತ್ತರ, ಭರ್ತಿ ಹಾಗಲ್ಲ. ಕೊಟ್ಟ ಕಾಸಿಗೆ ಇಷ್ಟು ಸಿಗುತ್ತದೆ ಎನ್ನುವ ಸಾಕ್ಷಿಯನ್ನೇ ಅವು ನುಡಿಯುತ್ತವೆ.

ವಿಡಿಯೊ ಈ ಭೇದವನ್ನು ಮುಟ್ಟುವುದೇ ಇಲ್ಲ. ಸ್ಟೈಲಿಸ್ಟಿನ ಕೈಚಳಕಕ್ಕೆ ನಾವು ಬೆರಗಾಗುವಷ್ಟರಲ್ಲಿ ಪ್ರಶ್ನೆ ಕರಗಿಹೋಗಿರುತ್ತದೆ. ಡಬ್ಬಿಯೊಳಗಿನ ಹಬೆಗೆ ಬನ್ ಕುಗ್ಗುತ್ತದೆ ಎಂದು ಬಗೋಜಿ ಹೇಳುತ್ತಾರೆ. ಇದು ಗೊತ್ತಿದ್ದ ಮೇಲೆ, ಡಬ್ಬಿಯಲ್ಲಿ ಕೂತೆದ್ದ ಬರ್ಗರಿನ ಫೋಟೊವನ್ನೇ ಹಾಕಬಹುದಿತ್ತಲ್ಲ? ತಂತ್ರವನ್ನು ವಿವರಿಸಿ, ಅದೇ ಚಿತ್ರವನ್ನು ಗೋಡೆಯ ಮೇಲೆ ಉಳಿಸಿಕೊಳ್ಳುವ ಪ್ರಾಮಾಣಿಕತೆ ಜಾಹೀರಾತಿನ ಇನ್ನೊಂದು ಕಂತು ಮಾತ್ರ, ತುಂಬ ಜಾಣತನದ್ದು.